ಸಾಹುಕಾರನ ಸೇಬಿನ ಕೇಕು

ಇಂದಿನ ಪ್ರವಚನಕ್ಕೆ ಒಂದು ಕಥೆ. ಒಬ್ಬ ಶ್ರೀಮಂತನಿದ್ದ. ಯಾವ ಊರಿನವನು ಎಂದು ಕೇಳಬೇಡಿ. ಅಂಥವನಿಲ್ಲದ ಊರು ಯಾವುದಿದೆ ಹೇಳಿ? ಹೆಸರು ಗುರುಪಾದಪ್ಪ ಎಂದಿಟ್ಟುಕೊಳ್ಳೋಣ. ಎರಡು ಎಣ್ಣೆ ಗಿರಣಿ, ಮೂರಂತಸ್ತಿನ ಮನೆ, ಊರ ಹೊರಗೆ ದಾಳಿಂಬೆ ತೋಟ. ಕೆಟ್ಟವನಲ್ಲ, ನೋಡಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಸೋಮವಾರ ತಪ್ಪದೆ ಮಠಕ್ಕೆ ಹೋಗುತ್ತಿದ್ದ. ಆದರೆ ಒಂದು ರೂಢಿಯಿತ್ತು. ಬೀಗರು ಬಂದರೆ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದ: "ಈ ಮನಿ ನಾ ಕಟ್ಟೀನಿ. ಈ ಬಾವಿ ನಾ ತೋಡೀನಿ. ಈ ದಾಳಿಂಬ್ರಿ ನಾ ಬೆಳೆಸೀನಿ."

ತಾಯಂದಿರೇ, ಆ ಮನುಷ್ಯನ ಅಂಗೈ ನೀವು ನೋಡಬೇಕಿತ್ತು. ಹೂವಿನ ಎಸಳು! ಕರಣಿ ಹಿಡಿದ ಗುರುತಿಲ್ಲ, ಗುದ್ದಲಿ ಹಿಡಿದ ಗುರುತಿಲ್ಲ. ಹಾಗಂತ ಅವನು ಸುಳ್ಳು ಹೇಳುತ್ತಿದ್ದನೇ? ಇಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದ. ಗೋಡೆ ಕಟ್ಟಿದ ಗೌಂಡಿಯ ಬೆವರು, ಬಾವಿ ತೋಡಿದ ಆಳಿನ ಬೆನ್ನು, ಯಾವುದೂ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮ ಲೆಕ್ಕಕ್ಕಾದರೂ ಎಷ್ಟು ಬರುತ್ತದೆ?

ಅವನ ಹೆಂಡತಿ ದಾನಮ್ಮ. ಮಾತು ಕಡಿಮೆ. ಮದುವೆಯಾಗಿ ನಲವತ್ತು ವರ್ಷ, ನಲವತ್ತು ವರ್ಷವೂ ಅಡುಗೆಮನೆ. ಕೈಗೆ ಕೈ ಕೂಡಿಸಲು ಕಾಶವ್ವ ಎಂಬ ಅಡುಗೆಯಾಕೆ ಇದ್ದಳು. ಈಚೆಗೆ ಸೊಸೆ ರೋಹಿಣಿ ಬಂದಿದ್ದಳು. ಗುರುಪಾದಪ್ಪ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಿದ್ದು ಒಂದೇ ಸಲ, ಆ ಮನೆಯ ಗೃಹಪ್ರವೇಶದ ದಿನ. ಅದೂ ಪೂಜೆಗೆ.

ಒಂದು ವರ್ಷ ಗಂಡ ಹೆಂಡತಿ ಕೇದಾರ ಯಾತ್ರೆಗೆ ಹೋದರು. ದರ್ಶನ ಮುಗಿಸಿ ಇಳಿದು ಬರುವಾಗ ಗುಡ್ಡ ಕುಸಿದು ದಾರಿ ಕಟ್ಟಿತು. ಒಂದು ಸಣ್ಣ ಹಳ್ಳಿಯಲ್ಲಿ ಒಬ್ಬ ಮುದುಕನ ಮನೆಯಲ್ಲಿ ಎರಡು ದಿನ ತಂಗಬೇಕಾಯಿತು. ಮನೆಯ ಸುತ್ತ ಸೇಬಿನ ಗಿಡ. ಆ ಮುದುಕ ಬೆಳಿಗ್ಗೆ ಎದ್ದು ಸೇಬು ಕೊಯ್ದು, ಸಿಪ್ಪೆ ಹೆರೆದು, ಮೊಸರು ಹಾಕಿ ಹಿಟ್ಟು ಕಲಸಿ, ಕೇಕು ಬೇಯಿಸಿದ. ಮೊಟ್ಟೆ ಇಲ್ಲ, ಗಾಬರಿಯಾಗಬೇಡಿ. ಮೇಲೆ ಸಕ್ಕರೆ ಕಾಯಿಸಿ ಬೆಣ್ಣೆ ಕೆನೆ ಬೆರೆಸಿದ ತಾಮ್ರ ಬಣ್ಣದ ಕ್ಯಾರಮೆಲ್ ಸುರಿದ. ಮೊದಲ ತುಂಡನ್ನು ಯಾರಿಗೆ ಕೊಟ್ಟ? ಅತಿಥಿಗಳಿಗಲ್ಲ. ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ತನ್ನ ಹೆಂಡತಿಗೆ. ಅವಳು ತಿನ್ನುವವರೆಗೆ ಎದುರಿಗೆ ನಿಂತಿದ್ದ, ಪರೀಕ್ಷೆಗೆ ಕೂತ ಹುಡುಗನ ಹಾಗೆ.

ದಾನಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಗುಡ್ಡ ಇಳಿಯುವಾಗ ಗಂಡನಿಗೆ ಹೇಳಿದಳು:

"ಬರೂ ತಿಂಗಳು ನನಗ ಅರವತ್ತು ತುಂಬತಾವರಿ."

"ಗೊತ್ತೈತಿ. ಬಿಲ್ವಾರ ಮಾಡಸ್ಲೊ, ಪಾಟ್ಲಿ ಮಾಡಸ್ಲೊ?"

"ಬಂಗಾರ ಬ್ಯಾಡ. ಆ ಅಜ್ಜ ಮಾಡಿದ್ನಲ್ಲ, ಅದನ್ನ ನಿಮ್ಮ ಕೈಯಾರೆ ಮಾಡಿ ಕೊಡ್ರಿ. ಒಂದ ತುಂಡು."

ಗುರುಪಾದಪ್ಪ ನಕ್ಕ. "ಅಷ್ಟ ಏನು? ಸೇರುಗಟ್ಟಲೆ ಮಾಡೂಣು!"

ನಲವತ್ತು ವರ್ಷದಲ್ಲಿ ಹೆಂಡತಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು, ನೋಡಿ. ಅದು ಅವನಿಗೆ ತಿಳಿಯಿತೇ? ತಿಳಿಯಲಿಲ್ಲ.

ಆ ದಿನ ಬಂತು. ಗುರುಪಾದಪ್ಪ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ, ಮನೆ ಕಟ್ಟುವಾಗ ಸ್ಲ್ಯಾಬ್ ಹಾಕುವ ದಿನ ಕೂತಂತೆ. ಪಟ್ಟಣದಿಂದ ಹೊಸ ಓವನ್ ಬಂತು, ಪೆಟ್ಟಿಗೆ ತುಂಬ ಸೇಬು ಬಂತು. "ಕಾಶವ್ವ, ಸೇಬು ಹೆಚ್ಚು. ರೋಹಿಣಿ, ಹಿಟ್ಟು ಕಲಸವಾ. ಸಕ್ರಿ ಕಾಯ್ಸು. ಹಾಂ, ಈಗ ಸುರುವು." ಹೇಳಿದ್ದೆಲ್ಲ ಅವನು, ಮಾಡಿದ್ದೆಲ್ಲ ಅವರು. ಕಡೆಗೆ ಎದ್ದು ನಿಂತು, ಕೇಕಿನ ನಡುವೆ ಒಂದು ಗೋಡಂಬಿ ಇಟ್ಟ. ಇಟ್ಟು, ಕೈ ಒರೆಸಿಕೊಂಡ!

ಕೇಕು ಚೆನ್ನಾಗಿಯೇ ಆಗಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ನಡುಮನೆಯಲ್ಲಿ ನೆಂಟರು, ನೆರೆಯವರು. ಗುರುಪಾದಪ್ಪ ತಾನೇ ತಟ್ಟೆ ಹಿಡಿದು ಬಂದ. ಎದೆ ಉಬ್ಬಿತ್ತು. "ನಾನ ಮಾಡೀನಿ. ತಿಂದು ಹೇಳು."

ದಾನಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು.

"ಸೇಬಿನ ಹೋಳು ಒಂದರಾಂಗ ಒಂದು ಅದಾವ. ಇದು ಕಾಶವ್ವನ ಕೈ." ಇನ್ನೊಂದು ಚೂರು. "ಯಾಲಕ್ಕಿ ಸಿಪ್ಪಿ ಸಮೇತ ಕುಟ್ಟಿದ್ದು ರೋಹಿಣಿ. ಎಷ್ಟು ಸಲ ಹೇಳೀನಿ ನಿನಗ! ಸಕ್ರಿನೂ ಆಕೀನ ಕಾಯ್ಸ್ಯಾಳ, ಅವಸರ ಮಾಡ್ಯಾಳ." ಕಣ್ಣು ಬಿಟ್ಟು ಗಂಡನ ಕಡೆ ನೋಡಿದಳು. "ನಿಮ್ಮ ಕೈ ಎಲ್ಲೈತ್ರಿ ಇದರಾಗ?"

ಸಿಟ್ಟಿನಿಂದ ಕೇಳಲಿಲ್ಲ, ನೋಡಿ. ಸಿಟ್ಟಿನಿಂದ ಕೇಳಿದ್ದರೆ ಅವನು ತಿರುಗಿ ಬೈದು ಗೆಲ್ಲುತ್ತಿದ್ದ. ಕಳೆದ ವಸ್ತುವನ್ನು ಹುಡುಕುವವರು ಕೇಳುವ ಹಾಗೆ ಕೇಳಿದಳು.

"ಓವನ್ ತರಿಸಿದಾವ ಯಾರು? ಸೇಬು ತರಿಸಿದಾವ ಯಾರು?" ಅವನ ದನಿ ಏರಿತು.

"ನೀವರಿ. ನಲವತ್ತು ವರ್ಷದಿಂದ ಎಲ್ಲಾ ನೀವ ತರಿಸೀರಿ. ಅದಕ್ಕೇನು ಕಮ್ಮಿ ಮಾಡಿಲ್ಲ."

ಅಷ್ಟು ಹೇಳಿ, ಬಾಗಿಲ ಮರೆಯಲ್ಲಿ ನಿಂತಿದ್ದ ಕಾಶವ್ವನನ್ನು ಕರೆದು, ತನ್ನ ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ತುಂಡು ಅವಳ ಬಾಯಿಗಿಟ್ಟಳು.

ಹೇಳಿ, ಆ ಶ್ರೀಮಂತನಿಗೆ ಅಂದು ಹೇಗಾಗಿರಬೇಡ? ಗಿರಣಿ ಸುಟ್ಟಿದ್ದರೆ ಇನ್ನೊಂದು ಗಿರಣಿ ಹಾಕುತ್ತಿದ್ದ. ಇದನ್ನು ಎಲ್ಲಿಂದ ತರಿಸುವುದು? ಎರಡು ದಿನ ಮಂಕಾಗಿದ್ದ. ಮನೆಯ ಗೋಡೆ ನೋಡಿದರೆ ಗೋಡೆ ಬೇರೆ ಯಾರದೋ ಅನ್ನಿಸುತ್ತಿತ್ತು. ಬಾವಿ ನೋಡಿದರೆ ಬಾವಿ ಬೇರೆ ಯಾರದೋ. ಮೂರನೆಯ ದಿನ ಮಧ್ಯಾಹ್ನ, ದಾನಮ್ಮ ಮಲಗಿದ ಹೊತ್ತು ನೋಡಿ, ಅಡುಗೆಮನೆಗೆ ಹೋದ. ಕಾಶವ್ವ ಪಾತ್ರೆ ಒರೆಸುತ್ತಿದ್ದಳು.

"ಕಾಶವ್ವ, ನನಗ ಕಲಿಸು."

ಕಾಶವ್ವನ ಕೈಯಿಂದ ತಾಟು ಬಿತ್ತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು. ಗುರು ಎಂದರೆ ಗುರುವೇ ಅಲ್ಲವೇ? "ಮೊದಲ ಕೈ ತೊಳ್ಕೊಂಡು ಬರ್ರಿ ಸಾಹುಕಾರ್ರ. ಗಡಿಯಾರ ಬಿಚ್ರಿ. ಉಂಗುರಾನೂ ಬಿಚ್ರಿ, ಹಿಟ್ಟಿನ್ಯಾಗ ಸಿಗತಾವ."

ಉಂಗುರ ಬಿಚ್ಚಿದ. ಐದು ಉಂಗುರ! ಒಂದು ಸೇಬಿನ ಸಿಪ್ಪೆ ಹೆರೆಯಲು ಕಾಲು ಗಂಟೆ. ಸಿಪ್ಪೆಯ ಜೊತೆ ಅರ್ಧ ಸೇಬೂ ಹೋಗುತ್ತಿತ್ತು. "ಅಯ್ಯ, ಹಣ್ಣಿಗೇನು ವೈರಿ ಅದೀರೇನ್ರಿ?" ಎನ್ನುತ್ತಿದ್ದಳು ಕಾಶವ್ವ. ಬೆರಳು ಕೊಯ್ದುಕೊಂಡ. ಎರಡನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಕಂದಿ ಹೋಗಿತ್ತು.

ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತೇ? ಸಕ್ಕರೆ. ಬಾಣಲೆಗೆ ಸಕ್ಕರೆ ಹಾಕಿ ಸಣ್ಣ ಉರಿ ಇಟ್ಟು ನಿಲ್ಲಬೇಕು. ಕಲಕಬಾರದು, ಅವಸರಿಸಬಾರದು, ಬಿಟ್ಟು ಹೋಗಬಾರದು. ಅಂಚಿನಲ್ಲಿ ಕರಗುತ್ತದೆ, ಜೇನಿನ ಬಣ್ಣ ಬರುತ್ತದೆ, ತಾಮ್ರದ ಬಣ್ಣ ಬರುತ್ತದೆ. ಆ ಕ್ಷಣ ಬೆಣ್ಣೆ ಹಾಕಬೇಕು. ಒಂದು ಉಸಿರು ತಡವಾದರೆ ಕಪ್ಪು, ಬಾಯಿಗಿಟ್ಟರೆ ಬೇವು. ಮೊದಲ ದಿನ ತಾಮ್ರದ ಬಣ್ಣ ಬರುವಾಗ ಫೋನು ಬಂತು. ಗಿರಣಿ ಮ್ಯಾನೇಜರು. "ಹಲೋ" ಅನ್ನುವಷ್ಟರಲ್ಲಿ ಹೊಗೆ. ಮರುದಿನ ಮತ್ತೆ ಫೋನು, ಮತ್ತೆ ಹೊಗೆ. "ನೋಡ್ಕೋ ಸ್ವಲ್ಪ" ಎಂದು ಕಾಶವ್ವನಿಗೆ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಅದರ ಮರುದಿನ ಫೋನನ್ನೇ ಬಂದ್ ಮಾಡಿ ಅಕ್ಕಿ ಡಬ್ಬಿಯೊಳಗೆ ಇಟ್ಟ.

ನಿಂತ. ಅರವತ್ತೈದು ವರ್ಷದ ಮನುಷ್ಯ, ಎರಡು ಗಿರಣಿಯ ಧಣಿ, ಒಂದು ಬಾಣಲೆಯ ಮುಂದೆ ಕೈಕಟ್ಟಿ ನಿಂತ. ಹಣೆಯ ಬೆವರು ಕುತ್ತಿಗೆಗೆ ಇಳಿಯಿತು. ತಾಮ್ರದ ಬಣ್ಣ ಬಂತು, ಬೆಣ್ಣೆ ಹಾಕಿದ, ಕೆನೆ ಹಾಕಿದ, ಭುಸ್ಸೆಂದು ಉಕ್ಕಿತು. ಹಿಂದಕ್ಕೆ ಹಾರಲಿಲ್ಲ. ಕಾಶವ್ವ ಗೋಡೆಗೆ ಒರಗಿ ನಿಂತು, "ಹಾಂ! ಬಂತ್ರೀ!" ಎಂದಳು. ಅವಳ ಮುಖದಲ್ಲಿ ಆ ಹೊತ್ತು ಇದ್ದ ಹೆಮ್ಮೆ ನೋಡಿದರೆ, ಅವಳೇ ಆ ಮನೆಯ ಧಣಿ ಅನ್ನಬೇಕು.

ಕೇಕು ಹೇಗಾಗಿತ್ತು? ನಿಜ ಹೇಳುತ್ತೇನೆ. ಒಂದು ಕಡೆ ಉಬ್ಬಿ, ನಡುವೆ ತಗ್ಗಿ, ಮಳೆಗಾಲದ ರಸ್ತೆಯಂತಿತ್ತು. ಕ್ಯಾರಮೆಲ್ ಎಲ್ಲ ಆ ತಗ್ಗಿನಲ್ಲಿ ಕೆರೆಯಾಗಿ ನಿಂತಿತ್ತು. ಅದನ್ನೇ ತಟ್ಟೆಯಲ್ಲಿಟ್ಟು ಹೆಂಡತಿಯ ಮುಂದೆ ಹಿಡಿದ. ಅವಳು ತಿನ್ನುವವರೆಗೆ ಎದುರಿಗೇ ನಿಂತ, ಗುಡ್ಡದ ಆ ಮುದುಕನ ಹಾಗೆ.

ದಾನಮ್ಮ ತಿಂದಳು. ಬಾಯಿಂದ ಒಂದು ಸೇಬಿನ ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮತ್ತೆ ತಿಂದಳು. ಬಾಯಿ ಒರೆಸಿಕೊಂಡು ಹೇಳಿದಳು:

"ಈ ಕೈ ಯಾರದು ಅಂತ ನನಗ ಗುರುತು ಹತ್ತವಲ್ದು. ಈ ಕೈ ರುಚಿ ನಾ ಯಾವತ್ತೂ ತಿಂದಿಲ್ಲ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿ ಬಂತು. ಆಮೇಲೆ ಏನು ಮಾಡಿದಳು ಗೊತ್ತೇ? ಹೊಸ ಸೀರೆ ಉಟ್ಟಳು. ಆ ತಗ್ಗು ಬಿದ್ದ ಕೇಕನ್ನು ಬೆಳ್ಳಿ ತಾಟಿನಲ್ಲಿಟ್ಟುಕೊಂಡು ಓಣಿಯ ಮನೆಮನೆಗೆ ಹೋದಳು. "ನಮ್ಮನಿಯವರು ಮಾಡ್ಯಾರ. ಅವರ ಕೈಯಾರೆ." ಮಾತು ಕಡಿಮೆಯ ಆ ಹೆಂಗಸು, ಹನ್ನೆರಡು ಮನೆಗೆ ಹನ್ನೆರಡು ಸಲ ಅದನ್ನೇ ಹೇಳಿದಳು! ಗುರುಪಾದಪ್ಪ ಬಾಗಿಲಲ್ಲಿ ನಿಂತು ಕೇಳಿದ. ಊರ ತುಂಬ ತನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದವನು, ಅಂದು ನಾಚಿ ಕಂಬದ ಹಿಂದೆ ಸರಿದ. ಎದೆಯೊಳಗೆ ಮಾತ್ರ ಏನೋ ನೆಟ್ಟಗೆ ಎದ್ದು ನಿಂತಂತಾಗಿತ್ತು. ಎರಡು ಗಿರಣಿ ಸೇರಿ ಅವನಿಗೆ ಅಂಥ ಹೆಮ್ಮೆ ಕೊಟ್ಟಿರಲಿಲ್ಲ.

ಕೇಳಿದಿರಲ್ಲ? ಈಗ ನಿಮ್ಮ ಮನೆಗೆ ಬರೋಣ.

ಹೆಮ್ಮೆ ಪಡಬೇಡಿ ಎಂದು ಬಹಳ ಮಂದಿ ನಿಮಗೆ ಉಪದೇಶ ಮಾಡಿದ್ದಾರೆ. ಇಂದು ಈ ಪೀಠದಿಂದ ಬೇರೆ ಮಾತು ಕೇಳಿ: ಹೆಮ್ಮೆ ಪಡಿ. ಆದರೆ ದುಡಿದು ಪಡಿ. ಇನ್ನೊಬ್ಬರ ಬೆವರಿನ ಮೇಲೆ ಗೋಡಂಬಿ ಇಟ್ಟು ಕೈ ಒರೆಸಿಕೊಳ್ಳುವುದು ಹೆಮ್ಮೆಯಲ್ಲ, ಅದು ಕಳವು. ನಿಮ್ಮ ಮನೆಯ ಊಟದಲ್ಲಿ, ನಿಮ್ಮ ಮಕ್ಕಳ ಜಡೆಯಲ್ಲಿ, ನಿಮ್ಮ ತಾಯಿಯ ಹಾಸಿಗೆಯ ಮಡಿಕೆಯಲ್ಲಿ ನಿಮ್ಮ ಕೈ ಎಲ್ಲಿದೆ? ಹುಡುಕಿ. ಸಿಗದಿದ್ದರೆ ನಾಳೆ ಬೆಳಿಗ್ಗೆಯೇ ಶುರುಮಾಡಿ. ಕೇಕೇ ಆಗಬೇಕೆಂದಿಲ್ಲ, ಒಂದು ಲೋಟ ಚಹಾ ಸಾಕು. ಮುಗಿಯುವವರೆಗೆ ಒಲೆಯ ಮುಂದೆ ನಿಲ್ಲಿ. ಫೋನು ಬಂದರೆ ಬರಲಿ.

ತಾಯಂದಿರೇ, ನಿಮಗೂ ಒಂದು ಮಾತು. ಗಂಡಸರು ತಡ ಮಾಡುತ್ತಾರೆಂದು, "ಸರೀರಿ, ನಿಮಗ ಆಗೂದಿಲ್ಲ" ಎಂದು ಸೌಟು ಕಸಿದುಕೊಳ್ಳಬೇಡಿ. ಕಾಶವ್ವ ಕಸಿದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇನ್ನು ನಮ್ಮ ಮಠದ ತಪ್ಪು. ಪ್ರವಚನ ನಡೆದ ಈ ಇಡೀ ತಿಂಗಳು ಈ ಮೈಕಿನಲ್ಲಿ ಪ್ರಸಾದ ಕೊಡಿಸಿದವರ ಹೆಸರು ಓದಿದ್ದೇವೆ. ಹುಗ್ಗಿ ತಿರುವಿದವರ ಹೆಸರು ಒಂದು ದಿನವೂ ಓದಿಲ್ಲ. ಇಂದು ಓದುತ್ತೇನೆ: ನಿಂಬೆವ್ವ, ಫಕೀರವ್ವ, ಶಿವಗಂಗಾ. ಅವ್ವಗಳಿರಾ, ಹೊಗೆಯಿಂದ ಹೊರಗೆ ಬನ್ನಿ. ಬಂದು ಪಂಕ್ತಿಯ ಮೊದಲ ಎಲೆಗೆ ಕೂಡಿ. ಸಂಕೋಚ ಬೇಡ, ತಲೆ ಎತ್ತಿ ಕೂಡಿ. ಮತ್ತೆ ಬಡಿಸುವವರು ಯಾರು ಎಂದು ಆ ಕಡೆ ಈ ಕಡೆ ನೋಡುತ್ತಿದ್ದೀರಲ್ಲ ಯಜಮಾನರೇ? ಹುಗ್ಗಿಯ ಬಕೆಟ್ಟುಗಳು ಅಲ್ಲೇ ಇವೆ. ಏಳಿ.