ತಮ್ಮೇಗೌಡನ ಕಜ್ಜಾಯ

ಹುಣಸೂರಿನಲ್ಲಿ ಎಚ್.ಡಿ. ಕೋಟೆ ಬಸ್ಸಿಗೆ ಕಾಯುತ್ತಿದ್ದ ಚಿಕ್ಕಬೀರಮ್ಮನ ಪಕ್ಕದಲ್ಲೇ ಇಬ್ಬರು ಕಾಲೇಜು ಹುಡುಗರು ಮಾತಿಗೆ ನಿಂತಿದ್ದರು.

"ಸಮಾನತೆ ಚರ್ಚೇಲಿ ಎಲ್ರೂ ಚಪ್ಪಾಳೆ ಹೊಡುದ್ರು. ನೀನ್ಯಾಕ್ಲಾ ಬೆಳ್ಳ, ಮೊಕ ಊದಿಸ್ಕಂಡೆ?"

"'ಆದಿವಾಸಿ ಹಾಡಿ ಬೆಳ್ಳ ನಮ್ಮನೆ ಒಳ್ಗೆ ಕುಂತು ಉಂಡವ್ನೆ' ಅಂದ್ಯಲ್ಲ, ಚೆಲುವ."

"ಉಂಡಿಲ್ವಾ?"

"ಉಂಡೋನು ತಮ್ಮೇಗೌಡ. ನಿಮ್ಮವ್ವಂಗೆ ನೀನು ಹೇಳಿದ್ದು ಅದೇ ಹೆಸ್ರು ತಾನೆ?"

ಚೆಲುವ ತಲೆ ತಗ್ಗಿಸಿದ.

"ನಿಜ ಹೇಳಿದ್ರೆ ಅವ್ವ ಜಗುಲಿ ಮ್ಯಾಲೇ ಕೂರುಸ್ತಿದ್ಲು ಕಣ್ಲಾ. ತಪ್ಪಾಯ್ತು. ತಕೋ, ನಿಂಗೇ ಅಂತ ಕಜ್ಜಾಯ ಕೊಟ್ಟವ್ಳೆ."

"ತಮ್ಮೇಗೌಡಂಗಲ್ವಾ ಕೊಟ್ಟಿರೋದು? ಅವ್ನಿಗೇ ಕೊಡು."

ಬಸ್ಸು ಬಂತು. ಬೆಳ್ಳ ಹತ್ತಿದ. ಚೆಲುವ ಕಜ್ಜಾಯದ ಪೊಟ್ಟಣ ಹಿಡಿದು ಅಲ್ಲೇ ನಿಂತ.

ಒಳಗೆ ಬೆಳ್ಳನ ಪಕ್ಕದ ಸೀಟೊಂದೇ ಖಾಲಿಯಿತ್ತು. ಚಿಕ್ಕಬೀರಮ್ಮ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ತನಗೇ ನಾಚಿಕೆಯಾಗಿ ಕೂರುವಷ್ಟರಲ್ಲಿ, ಅವನೇ ಕಿಟಕಿಗೆ ಒತ್ತಿಕೊಂಡು ಜಾಗ ಬಿಟ್ಟಿದ್ದ.