ನಾಯಿಯ ಕಾರ್ಡು, ಸೊಸೆಯ ಕಾರ್ಡು

ಒಂದು ಊರು. ಆ ಊರಿಗೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೇಳಿದರೆ ನೀವೆಲ್ಲ ತಿರುಗಿ ಒಬ್ಬರ ಮುಖವನ್ನೇ ನೋಡುತ್ತೀರಿ, ಪಾಪ, ಅವರು ನಾಳೆಯಿಂದ ಪ್ರವಚನಕ್ಕೆ ಬರುವುದನ್ನೇ ಬಿಟ್ಟುಬಿಡುತ್ತಾರೆ.

ಮೆಣಸಿನಕಾಯಿ ವ್ಯಾಪಾರದಲ್ಲಿ ಮೇಲೆ ಬಂದ ಮನುಷ್ಯ. ಬೀಗವೆಂದರೆ ಆತನಿಗೆ ಪ್ರಾಣ. ತಿಜೋರಿಗೆ ಬೀಗ, ಗೋದಾಮಿಗೆ ಬೀಗ, ಕಟ್ಟಿಗೆ ಒಟ್ಟಿದ ಕೋಣೆಗೂ ಬೀಗ. ಅಟ್ಟದ ಮೇಲೆ ಅರಳೆ ಹೊರಬಿದ್ದ ಎರಡು ಹಳೇ ಗಾದಿಗಳಿದ್ದವು. ನೋಡಿ, ಆ ಅಟ್ಟಕ್ಕೂ ಬೀಗ! ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡಬೇಕು. ನಾಲ್ಕು ಹೆಜ್ಜೆ ಹೋಗಿ, ಸಮಾಧಾನವಾಗದೆ ತಿರುಗಿ ಬಂದು ಇನ್ನೊಮ್ಮೆ ಜಗ್ಗಬೇಕು. ಆತ ಬರುವ ಮುಂಚೆ ಉಡಿದಾರದ ಕೀಲಿಗೊಂಚಲಿನ ಸಪ್ಪಳ ಬರುತ್ತಿತ್ತು.

ಆದರೆ ಫೋನಿಗೆ? ಫೋನಿಗೆ ಬೀಗವಿರಲಿಲ್ಲ. "ಹಗಲೆಲ್ಲಾ ಅದನ್ನ ತಗಿಯೋರ್‍ಯಾರು, ಹಾಕೋರ್‍ಯಾರು?" ಎನ್ನುತ್ತಿದ್ದ.

ಒಂದು ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. "ಯಜಮಾನ್ರ, ಎಲ್ಲಾರ ಲಸಿಕಿ ಕಾಗದಾನೂ ಫೋನಿನ್ಯಾಗ ಫೋಟೋ ತಗದು ಇಟ್ಕೋರಿ. ಕಾಗದ ನೆನೀತಾವು, ಇಲಿ ತಿಂತಾವು. ಫೋನಿನ್ಯಾಗಿದ್ರ ದವಾಖಾನ್ಯಾಗ ಲಗೂನ ತೋರಸಬಹುದು" ಎಂದಳು. ಒಳ್ಳೆಯ ಮಾತು. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಶ್ರೀಮಂತನಿಗೆ ಹುರುಪು ಬಂತು. ತನ್ನದು, ಹೆಂಡತಿಯದು, ಮಗನದು, ಎಲ್ಲ ಕಾಗದ ತೆಗೆಸಿ ಕಟ್ಟೆಯ ಮೇಲೆ ಹರವಿದ. ಒಂದೊಂದರ ಫೋಟೋ ತೆಗೆದ. ಮನೆಯ ನಾಯಿಗೆ ಹುಚ್ಚಿನ ರೋಗದ ಚುಚ್ಚುಮದ್ದು ಹಾಕಿಸಿದ ಕಾರ್ಡಿತ್ತಲ್ಲ, ಅದನ್ನೂ ಬಿಡಲಿಲ್ಲ!

ಕೊನೆಗೆ ಸೊಸೆ ತನ್ನ ತಾಯಿ ಕಾರ್ಡು ತಂದುಕೊಟ್ಟಳು. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಅದು. ಚುಚ್ಚುಮದ್ದಿನ ತಾರೀಖು, ರಕ್ತದ ಗುಂಪು, ಹಿಂದಿನ ಬಸಿರು ಏನಾಯಿತು, ಎಲ್ಲವೂ ಅದರಲ್ಲಿರುತ್ತದೆ. ಕೊಡುವಾಗ ಅವಳ ಕೈ ಸ್ವಲ್ಪ ಹಿಂದೆಮುಂದೆ ನೋಡಿತು.

"ಮಾವಾರ, ಇದನ್ನ ಯಾರಿಗೂ ತೋರಸಬ್ಯಾಡ್ರಿ. ಎರಡು ಸಲ ಕಳಕೊಂಡೀನಿ. ಐದು ತಿಂಗಳು ತುಂಬಲಿ, ನಾನ ಬಾಯಿಬಿಟ್ಟು ಹೇಳ್ತೀನಿ."

"ಹುಚ್ಚಿ, ನನ್ನ ಹಂತ್ಯಾಕ ಇಟ್ಟದ್ದು ಎಂದರ ಹೊರಗ ಹೋಗೇತೇನವಾ?" ಎಂದು ಆತ ಕೀಲಿಗೊಂಚಲು ಅಲ್ಲಾಡಿಸಿ ತೋರಿಸಿದ.

ಎರಡು ದಿನ ಕಳೆಯಿತು. ಊರ ಹಿರಿಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ತನ್ನ ಲಸಿಕೆಯ ಪ್ರಮಾಣಪತ್ರ ಹಾಕಿ ಎದೆಯುಬ್ಬಿಸಿದ್ದ. ನಮ್ಮ ಶ್ರೀಮಂತ ಸುಮ್ಮನಿದ್ದಾನೆಯೇ? "ನಮ್ಮನ್ಯಾಗ ಒಬ್ಬರದೂ ಸೂಜಿ ತಪ್ಪಿಲ್ಲ, ನಾಯೀದು ಸುದ್ದಾ" ಎಂದು ಬರೆದ. ಇದ್ದಬದ್ದ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿದ, ಕಳಿಸಿದ. ಹದಿನಾಲ್ಕು ಫೋಟೋ. ಕಳಿಸಿ, ನಾಯಿಯ ಕಾರ್ಡು ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ಅದೊಂದನ್ನೇ ದೊಡ್ಡದು ಮಾಡಿ ನೋಡಿದ.

ಅದರ ಪಕ್ಕದಲ್ಲಿ ಸೊಸೆಯ ಕಾರ್ಡು!

ಗಡಬಡಿಸಿ ಅಳಿಸಲು ಹೋದ. ಏನು ಒತ್ತಿದ ಗೊತ್ತೇ? 'ನನ್ನ ಫೋನಿನಿಂದ ಮಾತ್ರ ಅಳಿಸು' ಎಂಬುದನ್ನು ಒತ್ತಿದ. ಆತನ ಫೋನಿನಲ್ಲಿ ಮಾಯವಾಯಿತು. "ಹೋತು ತಗೋ" ಎಂದು ಬೆವರು ಒರೆಸಿಕೊಂಡ. ಇನ್ನೂರು ಮಂದಿಯ ಫೋನಿನಲ್ಲಿ ಅದು ಆರಾಮಾಗಿ ಕೂತಿತ್ತು. ಕಾಣದಂತೆ ಆದದ್ದು ಆತನೊಬ್ಬನಿಗೆ ಮಾತ್ರ. ನಗುತ್ತೀರಿ, ನಗಿ, ನಗಿ. ನಿಮ್ಮಲ್ಲಿ ಎಷ್ಟು ಮಂದಿ ಅದನ್ನೇ ಒತ್ತಿದ್ದೀರಿ ನನಗೆ ಗೊತ್ತು.

ಅರ್ಧ ತಾಸಿನೊಳಗೆ ಮೊದಲ ಹೆಂಗಸು ಬಾಗಿಲಿಗೆ ಬಂದಳು, "ಎಷ್ಟನೇ ತಿಂಗಳವಾ?" ಎಂದು. ಎರಡನೆಯವಳು ಕಷಾಯದ ಬೇರು ತಂದಳು. ಮೂರನೆಯವಳು ಪ್ರೀತಿಯಿಂದಲೇ, ಪಾಪ, ಗಲ್ಲ ಸವರಿ ಕೇಳಿದಳು: "ಹಿಂದಿನ ಎರಡೂ ಯಾಕ ನಿಲ್ಲಲಿಲ್ಲ? ಕಾರ್ಡಿನ್ಯಾಗ ಬರದಾರಲ್ಲ." ಸೊಸೆ ಮನೆಯ ಹೊರಗೆ ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ದುಃಖ ಅದು. ಅದೀಗ ಊರವರ ಬಾಯಲ್ಲಿತ್ತು.

ಬಂದವರೆಲ್ಲ ಹೋದ ಮೇಲೆ ಅವಳು ಮಾವನ ಮುಂದೆ ಬಂದು ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ಮಾವಾರ, ಹರಕ ಗಾದಿಗೆ ಬೀಗ ಐತ್ರಿ. ನನ್ನ ಕಾರ್ಡಿಗೆ ಯಾಕ ಇರಲಿಲ್ರಿ?"

ಮಗಳಂಥವಳು ನಂಬಿ ಕೊಟ್ಟದ್ದನ್ನು ತಾನು ನಾಯಿಯ ಕಾರ್ಡಿನ ಜೊತೆ ಹಂಚಿದೆನಲ್ಲ ಎಂದು ಶ್ರೀಮಂತನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಅಂದಿನಿಂದ ಸೊಸೆ ಊಟಕ್ಕೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಆದರೆ ಆಸ್ಪತ್ರೆಯ ಒಂದು ಚೀಟಿಯನ್ನೂ ಆತನ ಕೈಗೆ ಕೊಡಲಿಲ್ಲ. ಆತ ಆಶಾ ಕಾರ್ಯಕರ್ತೆಯನ್ನು ಕರೆಸಿ, ಶಿಷ್ಯನಂತೆ ಕೂತು, ಫೋನಿಗೆ ಬೀಗ ಹಾಕುವುದನ್ನು, ಕಾರ್ಡುಗಳನ್ನು ಉಳಿದ ಫೋಟೋಗಳಿಂದ ಬೇರೆ ಮಾಡಿ ಇಡುವುದನ್ನು ಕಲಿತ.

ದೇವರು ದೊಡ್ಡವನು, ಈ ಸಲ ಕೂಸು ಕೈಗೆ ಬಂತು. ಆರು ವಾರಕ್ಕೆ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಬಂದರು. ಗುಂಪಿನಲ್ಲಿ ಒಂದೇ ಸಮನೆ ಕೇಳುತ್ತಿದ್ದರು, "ಸಾವ್ಕಾರ್ರ, ಮೊಮ್ಮಗಳ ಕಾರ್ಡ್ ಹಾಕ್ರಿ, ನೋಡೂಣು!" ಶ್ರೀಮಂತನ ಬೆರಳು ತುರಿಸಿತು. ತುರಿಸದೇ ಇರುತ್ತದೆಯೇ? ಆದರೆ ಆತ ಎದ್ದು ಸೊಸೆಯ ಹತ್ತಿರ ಹೋದ.

"ಕೂಸಿನ ಕಾರ್ಡು ಕೇಳಾಕತ್ತಾರ. ಏನ್ ಮಾಡಲೆವಾ?"

ಸೊಸೆ ಆತನ ಮುಖ ನೋಡಿದಳು. ಕಾರ್ಡನ್ನು ಆತನ ಕೈಗೇ ಕೊಟ್ಟಳು. "ಫೋಟೋ ತಗದು ಇಟ್ಕೋರಿ ಮಾವಾರ. ಡಾಕ್ಟರ್ ಕೇಳಿದ್ರ ಕಾರ್ಡ್ ತೋರಸ್ರಿ. ಉಳಿದವ್ರು ಕೇಳಿದ್ರ ಮನೀಗೆ ಕರೀರಿ, ಕೂಸನ್ನ ತೋರಸ್ರಿ."

ಆತ ಕಣ್ಣೊರೆಸಿಕೊಂಡು ಫೋಟೋ ತೆಗೆದ. ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮೂರು ಸಲ ನೋಡಿದ.

ಈಗ ಹೇಳಿ, ಆ ಶ್ರೀಮಂತ ಎಲ್ಲಿದ್ದಾನೆ? ಇಲ್ಲೇ ಇದ್ದಾನೆ, ನಿಮ್ಮ ಕಿಸೆಗೆ ಕೈ ಹಾಕಿ ನೋಡಿ. ಲಸಿಕೆಯ ಕಾಗದ ಫೋನಿನಲ್ಲಿ ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಇಡಿ, ಇಡಲೇಬೇಕು. ಆದರೆ ಇವತ್ತು ಮನೆಗೆ ಹೋಗಿ ಊಟಕ್ಕೆ ಕೂರುವ ಮೊದಲು ಫೋನಿಗೆ ಬೀಗ ಹಾಕಿ. ಬರುವುದಿಲ್ಲವೇ? ಮೊಮ್ಮಕ್ಕಳನ್ನು ಕೇಳಿ, ನಾಚಿಕೆಪಡಬೇಡಿ. ಮದುವೆಯ ಫೋಟೋಗಳ ನಡುವೆ ಬಿದ್ದಿರುವ ಕಾರ್ಡುಗಳನ್ನು ಬೇರೆ ಕಡೆ ತೆಗೆದಿಡಿ. ಅದರ ಮೇಲೆ ನಿಮ್ಮ ಹುಟ್ಟಿದ ತಾರೀಖಿದೆ, ಫೋನ್ ನಂಬರಿದೆ, ಅದನ್ನು ಗುಂಪಿಗೆ ಹಾಕಿ ಯಾರಿಂದ ಶಹಬ್ಬಾಸ್ ಪಡೆಯಬೇಕಾಗಿದೆ? ಬೇಕಾದವರು ಕೇಳಿದಾಗ ಬೇಕಾದಷ್ಟನ್ನೇ ತೋರಿಸಿ.

ಅಗೋ, ಆ ಕಂಬದ ಹತ್ತಿರ ಕೂತು ನನ್ನ ವಿಡಿಯೋ ಮಾಡುತ್ತಿರುವ ಹಿರಿಯರೇ, ಇದನ್ನು ಎಷ್ಟು ಗುಂಪಿಗೆ ಬೇಕಾದರೂ ಕಳಿಸಿ, ನನ್ನ ಅಪ್ಪಣೆಯಿದೆ. ಉಳಿದ ಯಾವುದನ್ನೇ ಕಳಿಸುವ ಮೊದಲು, ಅದು ಯಾರದೋ ಅವರ ಹತ್ತಿರ ಎದ್ದು ಹೋಗಿ, ಒಂದು ಮಾತು ಕೇಳಿ.