ಇನ್ನೊಂದ ಅಧ್ಯಾಯ

ಹೌದ್ರಿ ಬೀಗರ, ನಾನೂ ಓದತೀನಿ! ಯಾಕ, ನಗು ಬಂತೇನ್ರಿ? ಕಣ್ಣಿಲೆ ಅಲ್ರಿ, ಕಿವಿಲೆ. ನಿಮ್ಮ ಕಸ್ತೂರಿ ಓದತಾಳ, ನಾ ಕೇಳತೀನಿ. ನನ್ನ ಸೊಸಿ ಓದಾಕ ಹತ್ತಿದ್ಲಂದ್ರ... ಅಗದಿ ಕಣ್ಣೆದುರಿಗೇ ನಡದಂಗ ಅನಸತೈತ್ರಿ!

ಕುಂದರ್ರಿ. ಅಳ್ನಾವರದಿಂದ ಬಸ್ ಬದಲಿ ಮಾಡಿ ಮಾಡಿ ದಣದ ಬಂದೀರಿ. ಆಕಿ ಅಲ್ಲೇ ಖೋಲ್ಯಾಗ ಈಗರ ಮಲಗ್ಯಾಳ. ಹಡದವ್ವ ನೀವು, ಮಗಳನ್ನ ಕರಕೊಂಡ ಹೋಗಾಕ ಬಂದೀರಿ, ಗೊತ್ತೈತಿ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ನಾ ಬ್ಯಾಡಂದೇನೇನು? ಆದ್ರ ಈ ಪುಸ್ತಕೊಂದ ಮುಗೀಲಿ ಅಂತೀನಿ...

ಹೋದ ತಿಂಗಳ ಒಂದ ಕಾದಂಬರಿ ಮುಗಿಸಿದ್ವಿ ನೋಡ್ರಿ. ಗಂಡ ಬಿಟ್ಟ ಹುಡುಗಿ, ಟೈಲರಿಂಗ್ ಕಲತ ಅಂಗಡಿ ಹಾಕತಾಳ. ಕಡೀಕ ಆ ಭಾಡ್ಯಾ ಅಳಕೋತ ಬಂದ್ರ, ಬಾ ಅಂತ ಒಳಗ ಕರಕೊಂಡಳ್ರಿ! ಸಿಟ್ಟಿಗೆ ನನಗ ಅವತ್ತ ರೊಟ್ಟಿ ಸುದ್ದಾ ಸೇರಲಿಲ್ಲ. ಬಾಜೂಮನಿ ಬಸವಣ್ಣೆವ್ವ, ಚಲೋ ಮಾಡಿದ್ಲು ತಗೋ ಅಂದ್ಲು. ಅಷ್ಟಕ್ಕ ನಮ್ಮಿಬ್ಬರ ಮಾತ ನಿಂತಬಿಟ್ಟಿತ್ತು!

ಈಗಿಂದು ಅದಕ್ಕೂ ಚಲೋ. ಒಬ್ಬ ವಕೀಲ. ಹೆತ್ತಾಕಿ ಯಾರಂತ ಅವಗ ಗೊತ್ತಿಲ್ಲ. ಆಕಿ ಅವನ ಮನ್ಯಾಗನ ಮುಸರಿ ತಿಕ್ಕತಾಳ್ರಿ! ಹೇಳತಾಳೋ ಇಲ್ಲೋ... ಇನ್ನೂ ಅರ್ಧ ಐತಿ. ಮುಂದಿಂದೂ ಹೇಳಿಟ್ಟೀನಿ, ಪತ್ತೇದಾರಿ ಬೇಕಂತ. ಕಂಡಕ್ಟರ್ ಅಬ್ದುಲ್‌ಸಾಬ ನವಲಗುಂದದ ಲೈಬ್ರರಿಯಿಂದ ತಂದ ಕೊಡತಾನ.

ಏನಂದ್ರಿ? ಏಳ ತಿಂಗಳಾಗ ಯಾಕ ಕಳಸಲಿಲ್ಲ?... ದಿನಾ ಚಲೋ ಇಲ್ಲಂತ ಹೇಳಿ ಕಳಿಸಿದ್ನೆಲ್ರಿ. ಎಂಟರಾಗ ಬಸುರಿನ್ನ ಊರ ದಾಟಸೋದಿಲ್ಲ, ಅದು ನಿಮಗೂ ಗೊತ್ತೈತಿ. ಈಗ ಒಂಬತ್ತು... ಯಾವ ಸ್ವಾಮಿಗೋಳು ದಿನಾ ನೋಡಿದ್ರು ಅಂದ್ರ... ಹೋಗ್ಲಿ ಬಿಡ್ರಿ. ಯಾರೂ ನೋಡಲಿಲ್ಲ. ನಾನ ಅಂದೆ. ಆಗ ಆ ಟೈಲರ ಹುಡುಗಿ ಕತಿ ನಡದಿತ್ತು.

ಹಂಗ ನೋಡಬ್ಯಾಡ್ರಿ. ಮದಲ ಹೆಂಗಿತ್ತು ನನ್ನ ಬಾಳೇವು? ನಮ್ಮವರು ತೀರಿಕೊಂಡ್ರು. ಮಗ ಈರಪ್ಪ ಹೊಲಕ್ಕ ಹೋದಂದ್ರ ಗ್ವಾಡಿ ನೋಡಕೋತ ಕುಂದ್ರಾಕಿ. ಈಗ ಮಧ್ಯಾನ್ನಾತಂದ್ರ ಓಣಿ ಹೆಂಗಸರೆಲ್ಲಾ ನಮ್ಮ ಕಟ್ಟಿಗೆ! ಮೆಣಸಿನಕಾಯಿ ತೊಟ್ಟ ಮುರಕೋತ ಕೇಳತಾರ. ಒಂದಿನ ತಪ್ಪಿಸಿಕೊಂಡವರು ಮರದಿನ ಬಂದು, ಗೌರಕ್ಕಾ, ಮುಂದೇನಾತು ಅಂತಾರ. ನನ್ನ ಕೇಳತಾರ್ರಿ, ನನ್ನ!

ಎದ್ದ ಖೋಲ್ಯಾಗ ಹೊಂಟ್ರೇನ್ರಿ? ಏನ ನೋಡಾಕತ್ತೀರಿ?... ಅಯ್ಯ, ಆಕಿ ಕಾಲಾ? ಹೊದಿಕಿ ಸರದೈತಿ. ಬಸುರಿ ಹೆಂಗಸಿನ ಕಾಲ ಬಾಯೋದು ಇದ್ದದ್ದ ಅಲ್ಲೇನ್ರಿ? ನನಗೂ ಬಾತಿದ್ವು... ಇಷ್ಟ ಇರಲಿಲ್ಲ. ಕರೇ. ಬೆರಳಿಲೆ ಒತ್ತಬ್ಯಾಡ್ರಿ, ಕುಣಿ ಬೀಳತೈತಿ. ನರ್ಸಬಾಯಿ ಒತ್ತಿದಾಗೂ ಬಿದ್ದಿತ್ತು.

ಹೂಂ... ಬಂದಿದ್ಲು, ಹೋದ ವಾರ. ಬಿ.ಪಿ. ಏರೈತಿ, ಹಾಸಿಗಿ ಬಿಟ್ಟ ಏಳಸಬ್ಯಾಡ್ರಿ, ಹುಬ್ಬಳ್ಳಿ ದವಾಖಾನಿಗೆ ತೋರಸ್ರಿ ಅಂದ್ಲು. ಈರಪ್ಪಗ ನಾ ಹೇಳಿಲ್ಲ. ಹೇಳಿದ್ರ ಅವತ್ತ ಕರಕೊಂಡ ಹೋಗತಿದ್ದ. ತೋರಸೂಣು, ನಾಳೆ ತೋರಸೂಣು ಅಂತ ನಾನ...

ಇವತ್ತ ಮಧ್ಯಾನ್ನ ಅಂದ್ಲು, ಅತ್ತಿ, ತಲಿ ಸಿಡೀತೈತಿ, ಅಕ್ಷರ ಮಬ್ಬ ಮಬ್ಬ ಕಾಣತಾವ ಅಂತ. ಓಣ್ಯಾಗಿನವರೆಲ್ಲಾ ಕುಂತಿದ್ರು. ಆ ವಕೀಲ ಕೋರ್ಟಿಗೆ ಹೊಂಟಿದ್ದ. ನಾ ಏನಂದೆ ಗೊತ್ತೇನ್ರಿ? ಇನ್ನೊಂದ ಅಧ್ಯಾಯ ಓದಿ ಮಲಕೋ ತಂಗಿ ಅಂದೆ. ಓದಿದ್ಲು.

ಬೈರಿ ಬೀಗರ, ಬಾಯಿಗೆ ಬಂದಂಗ ಬೈರಿ. ನನಗ ನಾಚಿಕಿಲೆ ಸತ್ತಂಗ ಆಗೈತಿ. ಈರಪ್ಪನ್ನ ಕರಸತೀನಿ, ಜೀಪ ಹೇಳತೀನಿ, ಈಗಿಂದೀಗ ಹುಬ್ಬಳ್ಳಿಗೆ ಹೋಗೂಣು...

ಎದ್ದಳು, ಎದ್ದಳು ನೋಡ್ರಿ. ಕಸ್ತೂರಿ, ಏನ ತಡಕಾಡ್ತೀಯವ್ವಾ ತಲಿದಿಂಬಿನ ಕೆಳಗ?... ಬ್ಯಾಡ, ಪುಸ್ತಕ ತಗೀಬ್ಯಾಡ. ಇಡು ಅದನ್ನ. ನಾ ಓದಾಕ ಕರದಿಲ್ಲ ತಾಯಿ... ಇಲ್ಲಿ ನೋಡು, ನಿಮ್ಮವ್ವ ಬಂದಾಳ.